ಉಣ್ಣೆ ನೂಲಾ, ಮೆಷಿನ್ನಾ? ಮಿಠಾಯಿ ಬಣ್ಣ ಹುಡುಕಿದ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಮಿಠಾಯಿಗೆ ಯಾವ ಬಣ್ಣ ಹಾಕಿದ್ದಾರೆ ಅಂತ ಪತ್ತೆ ಮಾಡಲು ನನ್ನ ಮತ ಉಣ್ಣೆ ನೂಲಿಗೆ. 28,000 ರೂಪಾಯಿ ಕೊಟ್ಟು ಸೆಕೆಂಡ್ ಹ್ಯಾಂಡ್ ಸ್ಪೆಕ್ಟ್ರೋಫೋಟೋಮೀಟರ್ (ಬಣ್ಣದ ನೀರು ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಮೆಷಿನ್) ತಂದ ಮೇಲೆ ಗೊತ್ತಾದ ಮಾತಿದು.

ನಾನು ಕುಂಬಳೆ ಹತ್ತಿರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಕೆಮಿಸ್ಟ್ರಿ ಟೀಚರ್. 2024ರ ಫೆಬ್ರವರಿಯಲ್ಲಿ ತಿನಿಸಿಗೆ ಹಾಕಬಾರದ ರೋಡಮಿನ್ ಬಿ ಎಂಬ ಬಣ್ಣ ಸಿಕ್ಕಿತೆಂದು ತಮಿಳುನಾಡಿನಲ್ಲಿ ಬೊಂಬಾಯಿ ಮಿಠಾಯಿ ನಿಷೇಧ ಆಯಿತಲ್ಲ, ಆಗ ನಮ್ಮ ಮಕ್ಕಳು ಕೇಳಿದರು: "ಟೀಚರ್, ಕುಂಬಳೆ ಜಾತ್ರೆಯ ಬೆಡಿಗೆ ಬರುವ ಮಿಠಾಯಿಯಲ್ಲಿ ಏನಿರ್ತದೆ?" ಒಳ್ಳೆ ಪ್ರಶ್ನೆ. ಮೆಷಿನ್ ಬಂದದ್ದು ಅದಕ್ಕೇ.

ಲೆಕ್ಕದಲ್ಲಿ ಕೆಲಸ ಸುಲಭ. ಟಾರ್ಟ್ರಜೀನ್ ಹಳದಿಗೆ ಬೆಳಕಿನ ತರಂಗಾಂತರ 426 ನ್ಯಾನೋಮೀಟರ್ ಹತ್ತಿರ, ಸನ್‌ಸೆಟ್ ಯೆಲ್ಲೋ ಎಂಬ ಕಿತ್ತಳೆ ಬಣ್ಣಕ್ಕೆ 482ರ ಹತ್ತಿರ ಇಟ್ಟು ಎಷ್ಟು ಬೆಳಕು ಹೀರಿತು ಅಂತ ನೋಡುವುದು. ಆದರೆ ನಾವು ಮೊದಲು ಹಾಕಿದ್ದು ಕಿತ್ತಳೆ ಬಣ್ಣದ ಸೋಡಾ. ರೀಡಿಂಗ್ 0.41 ಬಂತು. ಮತ್ತೆ ನೋಡಿದರೆ 0.48. ಇನ್ನೊಂದು ನಿಮಿಷಕ್ಕೆ 0.62! ಕುವೆಟ್ (ಮೆಷಿನ್ ಒಳಗೆ ಸ್ಯಾಂಪಲ್ ಇಡುವ ಪುಟ್ಟ ಪಾರದರ್ಶಕ ಪಾತ್ರೆ) ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಗೋಡೆಗೆಲ್ಲ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಂಡಿವೆ. ಗುಳ್ಳೆಗೆ ತಾಗಿ ಬೆಳಕು ಚದುರುತ್ತದೆ, ಮೆಷಿನ್ ಅದನ್ನೂ ಬಣ್ಣದ ಲೆಕ್ಕಕ್ಕೇ ಸೇರಿಸುತ್ತದೆ. ಬೆರಳಲ್ಲಿ ತಟ್ಟಿದರೆ ಹೋಗುತ್ತವೆ, ಮುಚ್ಚಳ ಹಾಕುವಷ್ಟರಲ್ಲಿ ಮತ್ತೆ ಹಾಜರ್.

ಗ್ಲಾಸಿನಿಂದ ಗ್ಲಾಸಿಗೆ ಚಾ ಆರಿಸಿದ ಹಾಗೆ ಸುರಿದೆವು. ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಬೆಚ್ಚಗಿನ ನೀರಲ್ಲಿ ಇಟ್ಟರೆ ಇನ್ನೂ ಸಣ್ಣ ಗುಳ್ಳೆ ಎದ್ದಿತು. ಫ್ರಿಜ್‌ನಿಂದ ತೆಗೆದದ್ದನ್ನೇ ಹಾಕಿದರೆ ನಮ್ಮ ಮಳೆಗಾಲದ ಹವೆಗೆ ಕುವೆಟ್ ಹೊರಗೇ ಬೆವರುತ್ತದೆ, ಒರೆಸಿ ಒರೆಸಿ ಸಾಕು. ಒಂದು ರಾತ್ರಿ ತೆರೆದಿಟ್ಟೆವು. ಬೆಳಿಗ್ಗೆ ಗ್ಲಾಸ್ ತುಂಬ ಇರುವೆ. ಕೊನೆಗೆ ಫಿಲ್ಟರ್ ಪೇಪರ್ ಮುಚ್ಚಿ, ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಗ್ಲಾಸ್ ಇಟ್ಟ ಮೇಲೆಯೇ ರೀಡಿಂಗ್ ನಿಂತದ್ದು. ಒಂದು ಸೋಡಾಕ್ಕೆ ಮೂರು ದಿನ!

ಅಷ್ಟಾದರೂ ಒಳಗಿರುವುದು ಒಂದೇ ಬಣ್ಣವೋ ಎರಡೋ ಅಂತ ಮೆಷಿನ್ ಹೇಳಲಿಲ್ಲ. ಹಳದಿ, ಕಿತ್ತಳೆ ಎರಡರ ರೀಡಿಂಗೂ ಒಂದರ ಮೇಲೊಂದು ಬೀಳುತ್ತವೆ. ಜಿಲೇಬಿಯ ಎಣ್ಣೆ ಕದಡಿದರಂತೂ ಅಳತೆಯೇ ಬೇಡ.

ಉಣ್ಣೆಗೆ ಈ ತಾಪತ್ರಯ ಇಲ್ಲ. ಮಿಠಾಯಿಯನ್ನು ಬಿಸಿನೀರಲ್ಲಿ ಕರಗಿಸಿ, ಸ್ವಲ್ಪ ಅಸಿಟಿಕ್ ಆಸಿಡ್ ಹಾಕಿ, ಬಿಳಿ ಉಣ್ಣೆ ಮುಳುಗಿಸಿ ಕುದಿಸಬೇಕು. ಸಕ್ಕರೆ ನೀರಲ್ಲೇ ಉಳಿಯುತ್ತದೆ, ಸಿಂಥೆಟಿಕ್ ಬಣ್ಣ ನೂಲಿಗೆ ಹತ್ತುತ್ತದೆ. ತೊಳೆದು, ತೆಳು ಅಮೋನಿಯಾದಲ್ಲಿ ಕುದಿಸಿದರೆ ಬಣ್ಣ ಬಿಟ್ಟುಕೊಡುತ್ತದೆ. ಆ ನೀರನ್ನು ಬತ್ತಿಸಿ, ವಾಟ್‌ಮನ್ ನಂಬರ್ 1 ಫಿಲ್ಟರ್ ಪೇಪರಿನಲ್ಲಿ ಚುಕ್ಕಿ ಇಟ್ಟು, ಪಕ್ಕದಲ್ಲಿ ಗೊತ್ತಿರುವ ಬಣ್ಣಗಳ ಚುಕ್ಕಿ ಇಟ್ಟು, ಶೇಕಡ 2.5ರ ಉಪ್ಪುನೀರಲ್ಲಿ ನಿಲ್ಲಿಸಿದರಾಯಿತು. ನೀರು ಪೇಪರಿನಲ್ಲಿ ಮೇಲೇರುವಾಗ ಒಂದೊಂದು ಬಣ್ಣ ಒಂದೊಂದು ಎತ್ತರಕ್ಕೆ ಹೋಗುತ್ತದೆ. ಹಸಿರು ಹಲ್ವದ ಚುಕ್ಕಿ ಮೇಲೇರುತ್ತಾ ಹಳದಿ, ನೀಲಿ ಅಂತ ಎರಡಾಗಿ ಒಡೆದಾಗ ಮಕ್ಕಳ ಮುಖ ನೋಡಬೇಕಿತ್ತು. ಟಾರ್ಟ್ರಜೀನ್, ಬ್ರಿಲಿಯಂಟ್ ಬ್ಲೂ. ಎರಡಕ್ಕೂ ಅನುಮತಿ ಇದೆ.

ಒಂದು ಎಚ್ಚರಿಕೆ. ಪೇಟೆಯಲ್ಲಿ ಉಲ್ಲನ್ ಅಂತ ಕೊಡುವುದು ಜಾಸ್ತಿ ಅಕ್ರಿಲಿಕ್, ಅದಕ್ಕೆ ಈ ಬಣ್ಣ ಹತ್ತುವುದಿಲ್ಲ. ತುದಿ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕರಗಿ ಗಟ್ಟಿ ಉಂಡೆಯಾದರೆ ಅಲ್ಲ.

ಮೂರನೆಯ ದಾರಿ ಖಾಸಗಿ ಲ್ಯಾಬಿನ ಎಚ್‌ಪಿಎಲ್‌ಸಿ. ಬೆರೆತಿರುವ ಒಂದೊಂದನ್ನೂ ಬೇರ್ಪಡಿಸಿ ಅಳೆಯುವ ಯಂತ್ರ ಅದು. ಕೆಡದಂತೆ ಹಾಕುವ ಬೆಂಜೋಯೇಟ್, ಸಿಹಿಗೆ ಹಾಕುವ ಸ್ಯಾಕರಿನ್, ಕೆಫೀನ್ ಇವಕ್ಕೆಲ್ಲ ಬಣ್ಣವೇ ಇಲ್ಲ, ಉಣ್ಣೆ ಅಲ್ಲಿ ಏನೂ ಮಾಡಲಾರದು. ಸರ್ಬತ್ ಬಾಟಲಿ ತುಂಬಿ ಮಾರುವವರು ದುಡ್ಡು ಕೊಟ್ಟು ಅದನ್ನೇ ಮಾಡಿಸಬೇಕು. ನಮ್ಮ ಶಾಲೆಗೆ ಒಂದೊಂದು ಸ್ಯಾಂಪಲಿಗೂ ಅಷ್ಟು ಫೀಸು ಕಟ್ಟಲು ಆಗುವುದಿಲ್ಲ.

ಮೆಷಿನ್ ಸುಮ್ನೆ ಕೂತಿಲ್ಲ. ಸಿಹಿತಿಂಡಿಯಲ್ಲಿ ಅನುಮತಿ ಇರುವ ಬಣ್ಣವೂ ಕಿಲೋಗೆ 100 ಮಿಲಿಗ್ರಾಂ ಮೀರಬಾರದು, ಅದನ್ನು ಪೇಪರ್ ಹೇಳಲಾರದು. ಅದಕ್ಕೆ ಈಗ ಪೇಪರಿನ ಚುಕ್ಕಿ ಕತ್ತರಿಸಿ, ನೀರಲ್ಲಿ ಬಿಡಿಸಿ, ಆ ತಿಳಿನೀರನ್ನು ಕುವೆಟ್‌ಗೆ ಹಾಕುತ್ತೇವೆ. ಅದರಲ್ಲಿ ಗುಳ್ಳೆ ಇರುವುದಿಲ್ಲ.