ದಡದ ಮನೆಯೋ, ಊರೊಳಗಿನದೋ?

ನಿವೃತ್ತಿಯ ಮೇಲೆ ಬೇರೆ ದೇಶದ ಕಡಲೂರಿನಲ್ಲಿ ನೆಲೆಸಲು ಮನೆ ದಡದಲ್ಲೇ ಬೇಕೋ, ಒಂದೆರಡು ಕಿಲೋಮೀಟರ್ ಒಳಗೋ ಅಂತ ಕೇಳಿದ್ದೀರಿ.

ಬಾಡಿಗೆಗಿಂತ ಮೊದಲು ಉಪ್ಪುಗಾಳಿಯನ್ನು ಲೆಕ್ಕಕ್ಕೆ ಹಿಡಿಯಿರಿ. ದಡದಲ್ಲಿ ಎಸಿಯ ಹೊರಗಿನ ಯಂತ್ರ, ಕಿಟಕಿ ಸರಳು, ಸೈಕಲ್ ಚೈನು ಎಲ್ಲಕ್ಕೂ ಬೇಗ ತುಕ್ಕು. ಒಳಗೆ ಆ ಕಾಟ ಕಡಿಮೆ, ಆದರೆ ಕಡಲಗಾಳಿಯೂ ಕಡಿಮೆ. ಸೆಕೆಗೆ ಎಸಿ ಜಾಸ್ತಿ ಓಡುತ್ತದೆ. ಬೂಷ್ಟು ಮಾತ್ರ ಎರಡೂ ಕಡೆ ಬಿಡುವುದಿಲ್ಲ. ಚರ್ಮದ ಬೂಟು ಮರೆತುಬಿಡಿ!

ದಿನಾ ನಡೆದು ಈಜುವವರಿಗೆ ದಡವೇ ಸರಿ. ಆಸ್ಪತ್ರೆ, ಮಾರುಕಟ್ಟೆಗೆ ಆಗಾಗ ಓಡಾಡುವವರಿಗೆ ಊರೊಳಗೇ ಸಲೀಸು. ಚಂಡಮಾರುತ ಬರುವ ಕಡೆಯಾದರೆ ಎತ್ತರದ ಜಾಗ ಹುಡುಕಿ.

ಮೊದಲು ಒಂದು ಮಳೆಗಾಲ ಬಾಡಿಗೆಗಿದ್ದು ನೋಡಿ. ಕೆಲವು ದೇಶಗಳಲ್ಲಿ ವಿದೇಶಿಯರು ಜಮೀನು ಕೊಳ್ಳುವಂತೆಯೇ ಇಲ್ಲ, ಉದಾಹರಣೆಗೆ ಥಾಯ್ಲೆಂಡ್‌ನಲ್ಲಿ ಅದು ಬಹುಪಾಲು ಆಗದ ಮಾತು.