ಐದು ನಕ್ಷತ್ರದ ಅಭಿಯೋಜಕ: ಇಡೀ ಸರಣಿ ಕೊಳ್ಳುವ ಮುನ್ನ ಓದಿ

ಕಾನೂನು ಥ್ರಿಲ್ಲರ್ ಸರಣಿಗಳನ್ನು ಓದುಗರ ಅಭಿಪ್ರಾಯ ನಂಬಿ ಇಡಿಯಾಗಿ ಕೊಳ್ಳಬೇಡಿ. ಮೊದಲ ಭಾಗ ಕೊಳ್ಳಿ, ಹಿಡಿಸಿದರೆ ಎರಡನೆಯದು, ಅಷ್ಟೇ. ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನ ಸರ್ಕಾರಿ ಅಭಿಯೋಜಕನೊಬ್ಬನನ್ನು ನಾಯಕನನ್ನಾಗಿ ಮಾಡಿಕೊಂಡ ಸರಣಿಯೊಂದರ ಇ-ಪುಸ್ತಕಗಳ ಪೂರ್ತಿ ಕಟ್ಟು ಈಗ ನನ್ನ ತಲೆಗೆ ಗಂಟು ಬಿದ್ದಿದೆ. ಮೊದಲ ನಾಲ್ಕು ಭಾಗಗಳು ನಿಜಕ್ಕೂ ಚೆನ್ನಾಗಿವೆ. ಐದರಿಂದ ಮುಂದೆ ಓದುವುದು ಶಿಕ್ಷೆ. ಸರಣಿಯ ಹೆಸರನ್ನಾಗಲಿ ಲೇಖಕರ ಹೆಸರನ್ನಾಗಲಿ ಇಲ್ಲಿ ಹಾಕುವುದಿಲ್ಲ. ನನ್ನ ತಕರಾರು ಬರೆದವರಿಗಿಂತ ಹೆಚ್ಚಾಗಿ ಹೊಗಳಿದವರ ಮೇಲೆ. ಇದೇ ಜಾಡಿನ ಸರಣಿಗಳಿಗೆ ಇದೇ ಜಾಡಿನ ಹೊಗಳಿಕೆ ಬೇಕಾದಷ್ಟಿದೆ.

ಕೊಳ್ಳುವ ಮೊದಲು ಪ್ರತಿ ಭಾಗಕ್ಕೂ ಓದುಗರು ಕೊಟ್ಟ ನಕ್ಷತ್ರಗಳ ಸರಾಸರಿಯನ್ನು ನೋಡಿದ್ದೆ. ಮೊದಲ ಭಾಗಕ್ಕೆ ಸಾಧಾರಣ ಅಂಕ, ಮುಂದಿನವಕ್ಕೆ ಏರುತ್ತಲೇ ಹೋದ ಅಂಕ. ಬರೆಯುತ್ತ ಬರೆಯುತ್ತ ಕೈ ಪಳಗಿದೆ ಎಂದು ಯಾರಿಗಾದರೂ ಅನ್ನಿಸುವಂಥ ಲೆಕ್ಕ ಅದು. ಆದರೆ ಆ ಅಂಕ ಕೊಟ್ಟವರು ಯಾರು ಎಂದು ಕೇಳಿಕೊಂಡರೆ ಲೆಕ್ಕದ ಬಣ್ಣ ಬಯಲಾಗುತ್ತದೆ. ಮೊದಲ ಭಾಗವನ್ನು ಎಲ್ಲ ಬಗೆಯವರೂ ಓದುತ್ತಾರೆ: ಥ್ರಿಲ್ಲರ್ ಪ್ರಿಯರು, ವಕೀಲರು, ಯಾರೋ ಕೈಗಿಟ್ಟರೆಂದು ಓದಿದವರು, ಅರ್ಧಕ್ಕೇ ಬೇಸತ್ತವರು. ಹಿಡಿಸದವರು ಎರಡನೆಯ ಭಾಗಕ್ಕೆ ಬರುವುದೇ ಇಲ್ಲ. ಮೂರನೆಯದರಲ್ಲಿ ಇನ್ನಷ್ಟು ಜನ ಉದುರುತ್ತಾರೆ. ಹತ್ತನೆಯ ಭಾಗಕ್ಕೆ ಅಂಕ ಕೊಡಲು ಉಳಿದವರು ನಾಯಕನ ಮನೆಯವರೇ ಆಗಿಹೋಗಿರುತ್ತಾರೆ. ಅವನ ಹೆಂಡತಿಯ ಮುನಿಸು, ಮಗಳ ಕಾಲೇಜು, ನಾಯಿಯ ಹೆಸರು ಎಲ್ಲವೂ ಅವರಿಗೆ ಬಾಯಿಪಾಠ. ಅವರ ಐದು ನಕ್ಷತ್ರ ಹಳೆಯ ನಂಟಿಗೆ ಸಲ್ಲುವ ಮರ್ಯಾದೆ. ಹೊಸಬರು ಅದನ್ನು ಪುಸ್ತಕದ ಗುಣಕ್ಕೆ ಸಿಕ್ಕ ಅಂಕವೆಂದು ಓದುತ್ತಾರೆ.

ಹಾಗೆಂದು ಯಾರೂ ಎಚ್ಚರಿಸಿರಲಿಲ್ಲ ಎಂದಲ್ಲ. ಐದನೆಯ ಭಾಗದ ಕೆಳಗೆ, ನೂರಾರು ಮೆಚ್ಚುಗೆಗಳ ಅಡಿಯಲ್ಲಿ, ಕೆಲವರು ಸಣ್ಣ ದನಿಯಲ್ಲಿ ಹೇಳಿದ್ದರು: ಇದು ಅದೇ ಕೈಯ ಬರಹದಂತೆ ಕಾಣುವುದಿಲ್ಲ, ಸಂಭಾಷಣೆಯ ಲಯವೇ ಬೇರೆ, ತಮಾಷೆ ಮಾಯವಾಗಿದೆ, ಒಂದು ಕಾಲದಲ್ಲಿ ತಾನೇ ಎಡವುತ್ತಿದ್ದ ನಾಯಕ ಈಗ ಉಪದೇಶ ಕೊಡುತ್ತಾನೆ. ಅವರ ಮಾತು ನಿಜ. ಮೊದಲ ನಾಲ್ಕು ಭಾಗಗಳ ಕೃತಜ್ಞತೆಯ ಪುಟದಲ್ಲಿ ಒಬ್ಬ ಸಹಾಯಕರಿಗೆ ಧಾರಾಳವಾದ ವಂದನೆ ಇದೆ. ಐದರಿಂದ ಆ ಹೆಸರೇ ಇಲ್ಲ. ಇದರಿಂದ ಏನನ್ನೂ ಸಾಬೀತು ಮಾಡಲಾಗದು, ಆದರೆ ಕಣ್ಣಿಗೆ ಬಿದ್ದ ಮೇಲೆ ಮರೆಯಲೂ ಆಗದು. ಮುಖಪುಟದ ಹೆಸರು ಒಬ್ಬರದು, ಒಳಗಿನ ಕೈ ಇನ್ನೊಬ್ಬರದು ಎಂಬುದು ಇಂಗ್ಲಿಷ್ ಪ್ರಕಾಶನ ಲೋಕಕ್ಕೆ ಹೊಸದೇನಲ್ಲ. 1930ರಲ್ಲಿ ಆರಂಭವಾದ, ಹುಡುಗಿಯೊಬ್ಬಳು ಪತ್ತೇದಾರಿ ಮಾಡುವ ನ್ಯಾನ್ಸಿ ಡ್ರೂ ಪುಸ್ತಕಗಳ ಮೇಲಿರುವ ಕ್ಯಾರೊಲಿನ್ ಕೀನ್ ಎಂಬ ಲೇಖಕಿ ಇರಲೇ ಇಲ್ಲ. ಆ ಹೆಸರಿನ ಹಿಂದೆ ಕೂಲಿಗೆ ಬರೆದವರು ಹಲವರು. ಸರಣಿ ದೀರ್ಘವಾಗಿದ್ದರೆ, ಅದರ ನಡುವಿನ ಭಾಗವೊಂದಕ್ಕೆ ಬಂದ ಎರಡು, ಮೂರು ನಕ್ಷತ್ರದ ಅಭಿಪ್ರಾಯಗಳನ್ನು ಮೊದಲು ಓದಿ. ಕೈ ಬದಲಾಗಿದ್ದರೆ ಸುಳಿವು ಸಿಗುವುದು ಅಲ್ಲೇ.

ಇದೆಲ್ಲವನ್ನೂ ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಒಂದು ಹೊಗಳಿಕೆ: ‘ಕಾನೂನು ಇದ್ದದ್ದು ಇದ್ದ ಹಾಗೆಯೇ ಬಂದಿದೆ, ನ್ಯಾಯಾಲಯದಲ್ಲಿ ಕುಳಿತಂತೆಯೇ ಆಗುತ್ತದೆ.’ ಒಂದಲ್ಲ ಒಂದು ಮಾತಿನಲ್ಲಿ ಇದು ಪ್ರತಿ ಭಾಗದ ಕೆಳಗೂ ಇದೆ, ಮತ್ತು ಕೊನೆಯ ಭಾಗಗಳಲ್ಲಿ ಹೆಚ್ಚಾಗಿದೆ. ನಾನು ಹಣ ಕೊಟ್ಟದ್ದೇ ಈ ಮಾತಿಗೆ. ಐದನೆಯ ಭಾಗ ಮುಗಿಸಿದ ಸಿಟ್ಟಿನಲ್ಲಿ ನ್ಯೂಯಾರ್ಕ್‌ನ ನಿಯಮಗಳನ್ನು ಹುಡುಕಿ ನೋಡಿದಾಗ ತಿಳಿದದ್ದೇನೆಂದರೆ, ಓದುಗರು ಕಾನೂನು ಸರಿಯಿದ್ದ ಕಡೆ ಅಂಕ ಕತ್ತರಿಸಿದ್ದಾರೆ, ಕಾನೂನು ಕೆಟ್ಟ ಕಡೆ ಚಪ್ಪಾಳೆ ತಟ್ಟಿದ್ದಾರೆ.

ಮೊದಲ ಭಾಗವನ್ನೇ ತೆಗೆದುಕೊಳ್ಳಿ. ಕತೆ ನಡೆಯುವುದು 1980ರ ದಶಕದಲ್ಲಿ. ನಾಯಕ ಡಿಸ್ಟ್ರಿಕ್ಟ್ ಅಟಾರ್ನಿಯ, ಎಂದರೆ ಅಲ್ಲಿನ ಮುಖ್ಯ ಸರ್ಕಾರಿ ಅಭಿಯೋಜಕರ, ಕಚೇರಿಯಲ್ಲಿ ಸಹಾಯಕ. ಕತೆಯ ಬಹುಪಾಲು ಮೊಗಸಾಲೆಗಳಲ್ಲೇ ಕಳೆಯುತ್ತದೆ: ಆರೋಪಿ ಯಾವ ತಪ್ಪನ್ನು ಒಪ್ಪಿಕೊಂಡರೆ ಎಷ್ಟು ವರ್ಷ ಎಂಬ ಚೌಕಾಸಿ, ಮೇಜಿನ ಮೇಲೆ ಬೆಳೆಯುವ ಕಡತಗಳ ರಾಶಿ, ನೆನಪು ಮಸುಕಾದ ಸಾಕ್ಷಿಗಳು. ‘ನಿಧಾನ’, ‘ವಿಚಾರಣೆಯೇ ಬರುವುದಿಲ್ಲ’ ಎಂದು ಓದುಗರು ಇದಕ್ಕೆ ಅಂಕ ಕಳೆದಿದ್ದಾರೆ. ಅಮೆರಿಕದಲ್ಲಿ ರಾಜ್ಯ ನ್ಯಾಯಾಲಯಗಳ ಶಿಕ್ಷೆಗಳಲ್ಲಿ ಶೇ. 94ರಷ್ಟು ತಪ್ಪೊಪ್ಪಿಗೆಯಿಂದಲೇ ಬಂದವು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2012ರ ತೀರ್ಪೊಂದರಲ್ಲಿ ಉಲ್ಲೇಖಿಸಿದೆ. ಎಂದರೆ, ಇಡೀ ಸರಣಿಯಲ್ಲಿ ನಿಜಕ್ಕೆ ಅತಿ ಹತ್ತಿರವಿರುವ ಪುಟಗಳಿಗೇ ಅತಿ ಕಡಿಮೆ ಅಂಕ.

ಎರಡನೆಯ ಭಾಗದಲ್ಲಿ ಗ್ರ್ಯಾಂಡ್ ಜ್ಯೂರಿಯ, ಎಂದರೆ ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಯ, ದೃಶ್ಯವೊಂದಿದೆ. ನ್ಯಾಯಾಧೀಶರಿಲ್ಲ, ಪ್ರತಿವಾದಿ ವಕೀಲರ ಪಾಟೀಸವಾಲಿಲ್ಲ, ಮುಚ್ಚಿದ ಬಾಗಿಲಿನ ಹಿಂದೆ ಅಭಿಯೋಜಕನೇ ಸಾಕ್ಷಿಗಳನ್ನು ಕರೆದು, ಅವನೇ ಕಾನೂನನ್ನೂ ವಿವರಿಸುತ್ತಾನೆ. ‘ಎಂಥ ಅಸಂಬದ್ಧ, ನ್ಯಾಯಾಧೀಶರೆಲ್ಲಿ?’ ಎಂದು ಒಬ್ಬರು ಒಂದೇ ನಕ್ಷತ್ರ ಕೊಟ್ಟು ಹೋಗಿದ್ದಾರೆ. ಆ ಅಭಿಪ್ರಾಯ ‘ಉಪಯುಕ್ತ’ ಎಂದು ಒತ್ತಿದವರೂ ಸಾಕಷ್ಟಿದ್ದಾರೆ. ನ್ಯೂಯಾರ್ಕ್‌ನ ಗ್ರ್ಯಾಂಡ್ ಜ್ಯೂರಿ ನಡೆಯುವುದು ಹಾಗೆಯೇ. 16ರಿಂದ 23 ಮಂದಿ ನಾಗರಿಕರು ಕುಳಿತಿರುತ್ತಾರೆ, 12 ಮಂದಿ ಒಪ್ಪಿದರೆ ಆರೋಪ ಹೊರಿಸಲಾಗುತ್ತದೆ. ಇನ್ನೊಬ್ಬರ ಆಕ್ಷೇಪ, ಕೊಲೆ ಮೊಕದ್ದಮೆ ನೇರವಾಗಿ ಸುಪ್ರೀಂ ಕೋರ್ಟಿನಲ್ಲಿ ಆರಂಭವಾಗುವುದು ಲೇಖಕರ ಅಜ್ಞಾನವಂತೆ. ನ್ಯೂಯಾರ್ಕ್ ರಾಜ್ಯದಲ್ಲಿ ಆ ಹೆಸರಿರುವುದು ವಿಚಾರಣಾ ನ್ಯಾಯಾಲಯಕ್ಕೆ. ಅತ್ಯುನ್ನತ ನ್ಯಾಯಾಲಯ ಆಲ್ಬನಿಯಲ್ಲಿರುವ ಕೋರ್ಟ್ ಆಫ್ ಅಪೀಲ್ಸ್. ಲೇಖಕರಿಗೆ ಗೊತ್ತಿತ್ತು, ತೀರ್ಪು ಕೊಟ್ಟವರಿಗೆ ಗೊತ್ತಿರಲಿಲ್ಲ.

ಮೂರನೆಯ ಭಾಗದ ದೃಶ್ಯವೊಂದು ನನಗೆ ತುಂಬ ಇಷ್ಟ. ತೀರ್ಪು ಹೇಳಬೇಕಾದ ನಾಗರಿಕರ ತಂಡ, ಎಂದರೆ ವಿಚಾರಣೆಯ ಜ್ಯೂರಿ, ಪ್ರಮಾಣವಚನ ತೆಗೆದುಕೊಂಡ ಮೇಲೆ ಪ್ರತಿವಾದಿ ವಕೀಲೆಯ ಕೈಗೆ ಅಭಿಯೋಜಕನಿಂದ ಸಾಕ್ಷಿಗಳ ಹಳೆಯ ಹೇಳಿಕೆಗಳ ದಪ್ಪ ಕಟ್ಟು ಬರುತ್ತದೆ. ಮರುದಿನ ಬೆಳಗ್ಗೆ ಪಾಟೀಸವಾಲು. ರಾತ್ರಿಯಿಡೀ ಓದುತ್ತ ಕುಳಿತ ಅವಳ ಆತಂಕವನ್ನು ಲೇಖಕರು ಹಿಡಿದಿರುವ ರೀತಿ ಅದ್ಭುತ. ಇಲ್ಲೂ ಓದುಗರ ಗೊಣಗಾಟ: ಇಷ್ಟು ತಡವಾಗಿ ಕೊಡಲು ಬಿಡುತ್ತಾರೆಯೇ? ಬಿಡುತ್ತಿದ್ದರು. ಜ್ಯೂರಿ ಪ್ರಮಾಣವಚನ ತೆಗೆದುಕೊಂಡು ವಾದದ ಆರಂಭದ ಮಾತು ಶುರುವಾಗುವುದರೊಳಗೆ ಕೊಟ್ಟರೆ ಸಾಕೆಂಬುದೇ ಅಲ್ಲಿನ ಹಳೆಯ ನಿಯಮ. ವಕೀಲರು ಇದನ್ನು ಕಣ್ಣಿಗೆ ಪಟ್ಟಿ ಕಟ್ಟುವ ಕಾನೂನು ಎಂದು ಬೈಯುತ್ತಿದ್ದರು. 2020ರ ಜನವರಿಯಲ್ಲಷ್ಟೇ ಅದನ್ನು ತೆಗೆದು, ದಾಖಲೆಗಳನ್ನು ಆರಂಭದ ವಾರಗಳಲ್ಲೇ ಒಪ್ಪಿಸಬೇಕೆಂಬ ನಿಯಮ ತಂದರು.

ಈಗ ಐದು ನಕ್ಷತ್ರಗಳ ಸುರಿಮಳೆಯಾದ ಕಡೆಗೆ ಬನ್ನಿ. ಏಳನೆಯ ಭಾಗದಲ್ಲಿ ನಾಯಕನ ಕೈಗೆ ಆರೋಪಿಗೆ ಅನುಕೂಲವಾಗುವ ಪತ್ರವೊಂದು ಸಿಗುತ್ತದೆ. ಅದನ್ನು ಅವನು ಜೇಬಿನಲ್ಲಿಟ್ಟುಕೊಂಡು, ವಿಚಾರಣೆಯ ಕೊನೆಯ ದಿನ ಮಾಟಗಾರನಂತೆ ಹೊರತೆಗೆದು, ಅಸಲಿ ಕೊಲೆಗಾರ ಕಟಕಟೆಯಲ್ಲೇ ಅಳುವಂತೆ ಮಾಡುತ್ತಾನೆ. ಸಭಾಂಗಣವೆಲ್ಲ ಎದ್ದು ನಿಲ್ಲುತ್ತದೆ. ‘ಸರಣಿಯ ಶಿಖರ’ ಎಂದು ಹೊಗಳಿದವರಿಗೆ ಲೆಕ್ಕವಿಲ್ಲ. ಆರೋಪಿಗೆ ಅನುಕೂಲವಾದ ಮುಖ್ಯ ಸಾಕ್ಷ್ಯವನ್ನು ಅಭಿಯೋಜಕ ಬಚ್ಚಿಡಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1963ರ ಬ್ರೇಡಿ ಪ್ರಕರಣದಲ್ಲೇ ಹೇಳಿದೆ. ಮೊದಲ ಭಾಗದ ನಾಯಕನಾಗಿದ್ದರೆ ಆ ಪತ್ರ ಕಂಡ ಸಂಜೆಯೇ ಎದುರು ಪಕ್ಷದ ವಕೀಲರಿಗೆ ಫೋನ್ ಮಾಡುತ್ತಿದ್ದ, ಮತ್ತು ಆ ಫೋನ್ ಕರೆಯಲ್ಲೇ ಕತೆ ಇರುತ್ತಿತ್ತು. ಏಳನೆಯ ಭಾಗದಲ್ಲೇ ಅವನು ಕೊಲೆಯನ್ನು ಕಣ್ಣಾರೆ ನೋಡಿ, ಕೊಲೆಗಾರನ ಮೇಲೆ ಗುಂಡು ಹಾರಿಸಿ, ಆಮೇಲೆ ಆ ಮೊಕದ್ದಮೆಯನ್ನು ತಾನೇ ನಡೆಸುತ್ತಾನೆ! ಸಾಕ್ಷಿ ಹೇಳಬೇಕಾದವನು ವಾದಿಸಲೂ ನಿಲ್ಲುವಂತಿಲ್ಲ ಎಂಬ ಸಾಮಾನ್ಯ ನಿಯಮ ನೂರಾರು ಅಭಿಮಾನಿಗಳಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಎಂಟನೆಯ ಭಾಗದಲ್ಲಿ ಕೊಲೆ ನಡೆಯುವುದು ಬ್ರೂಕ್ಲಿನ್‌ನಲ್ಲಿ, ಮೊಕದ್ದಮೆ ಹೂಡುವುದು ಮ್ಯಾನ್‌ಹಟನ್‌ನ ನಮ್ಮ ನಾಯಕ. ಏಕೆಂದರೆ ಅವನು ‘ನಗರದ ಅಭಿಯೋಜಕ’. ಮ್ಯಾನ್‌ಹಟನ್, ಬ್ರೂಕ್ಲಿನ್ ಸೇರಿದಂತೆ ನ್ಯೂಯಾರ್ಕ್ ನಗರದ ಐದು ವಿಭಾಗಗಳಿಗೆ ಐವರು ಡಿಸ್ಟ್ರಿಕ್ಟ್ ಅಟಾರ್ನಿಗಳಿದ್ದಾರೆ. ಪ್ರತಿಯೊಬ್ಬರನ್ನೂ ಅಲ್ಲಲ್ಲಿನ ಮತದಾರರು ನಾಲ್ಕು ವರ್ಷಗಳ ಅವಧಿಗೆ ಆರಿಸುತ್ತಾರೆ. ಬ್ರೂಕ್ಲಿನ್‌ನವರು ತಮ್ಮ ಕೊಲೆಯನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ. ಅದೇ ಭಾಗದಲ್ಲಿ, ಕತೆ ಇನ್ನೂ ಎಂಬತ್ತರ ದಶಕದಲ್ಲೇ ಇರುವಾಗ, ಸಾಮಾನ್ಯ ಕೊಲೆ ಆರೋಪಿಯೊಬ್ಬನನ್ನು ವಿದ್ಯುತ್ ಕುರ್ಚಿಯ ಹೆಸರು ಹೇಳಿ ಬೆದರಿಸಿ ತಪ್ಪೊಪ್ಪಿಸಲಾಗುತ್ತದೆ. ಆ ರಾಜ್ಯದಲ್ಲಿ ಕೊನೆಯ ಮರಣದಂಡನೆ ಜಾರಿಯಾದದ್ದು 1963ರಲ್ಲಿ. 1995ರಲ್ಲಿ ಮರಣದಂಡನೆಯನ್ನು ಮತ್ತೆ ತಂದರೂ ಒಬ್ಬರ ಮೇಲೂ ಅದು ಜಾರಿಯಾಗಲಿಲ್ಲ. 2004ರಲ್ಲಿ ಕೋರ್ಟ್ ಆಫ್ ಅಪೀಲ್ಸ್ ಆ ಕಾನೂನನ್ನು ಅಸಿಂಧುವೆಂದು ಸಾರಿತು. ‘ಮೈ ಜುಮ್ಮೆನ್ನಿಸುವ ನೈಜತೆ’ ಎಂಬ ಮೆಚ್ಚುಗೆ ಇದ್ದದ್ದು ಇದೇ ಅಧ್ಯಾಯದ ಬಗ್ಗೆ. ಒಂಬತ್ತನೆಯದರಿಂದ ಭಯೋತ್ಪಾದಕರು, ಸುರಂಗಗಳು, ಅವಳಿ ಸಹೋದರರು, ನ್ಯಾಯಾಲಯವೇ ಕಾಣೆ. ಅದರ ಬಗ್ಗೆ ಹೆಚ್ಚು ಹೇಳಲಾರೆ, ಅರ್ಧಕ್ಕೆ ನಿಲ್ಲಿಸಿದೆ.

ಆದ್ದರಿಂದ ‘ನೈಜ’ ಎಂದು ಹೊಗಳಿದ ಅಭಿಪ್ರಾಯದಲ್ಲಿ ಯಾವ ದೃಶ್ಯ, ಯಾವ ನಿಯಮ ಎಂಬ ಒಂದಾದರೂ ವಿವರ ಇಲ್ಲದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇಂಥದ್ದೇ ದೃಶ್ಯವೆಂದು ಬೊಟ್ಟುಮಾಡಿ ಬೈದವರ ಮಾತು ವಿವರವಿಲ್ಲದೆ ಹೊಗಳಿದವರ ಮಾತಿಗಿಂತ ಹೆಚ್ಚು ಬೆಲೆಯುಳ್ಳದ್ದು, ಬೈಗುಳ ತಪ್ಪಾಗಿದ್ದರೂ ಸಹ. ಗ್ರ್ಯಾಂಡ್ ಜ್ಯೂರಿಯಲ್ಲಿ ನ್ಯಾಯಾಧೀಶರಿಲ್ಲವೆಂದು ಸಿಡುಕಿದವರಿಂದ ಕನಿಷ್ಠ ಆ ಪುಸ್ತಕದಲ್ಲಿ ಗ್ರ್ಯಾಂಡ್ ಜ್ಯೂರಿ ಇದೆಯೆಂದಾದರೂ ತಿಳಿಯುತ್ತದೆ.

ಗುಟ್ಟು ಬಿಚ್ಚಿಡುವವರ ಕಾಟ ಇನ್ನೊಂದು. ಈ ಬಗೆಯ ಕತೆಯಲ್ಲಿ ಕೊಲೆಗಾರ ಯಾರೆಂಬುದಕ್ಕಿಂತ ಜ್ಯೂರಿ ಏನು ಹೇಳಿತು ಎಂಬುದೇ ದೊಡ್ಡ ಗುಟ್ಟು. ನಾಲ್ಕನೆಯ ಭಾಗಕ್ಕೆ ಬಂದ ಅಭಿಪ್ರಾಯವೊಂದರ ತಲೆಬರಹದಲ್ಲೇ ತೀರ್ಪು ಬರೆದಿತ್ತು. ಒಳಗಿನ ಮಾತನ್ನು ಮರೆಮಾಡುವ ವ್ಯವಸ್ಥೆ ಇದ್ದರೂ ತಲೆಬರಹವನ್ನು ಮರೆಮಾಡುವವರಿಲ್ಲ. ಅಷ್ಟೇ ಅಲ್ಲ, ಆರನೆಯ ಭಾಗದ ಬಗ್ಗೆ ಬರೆಯುವವರು ಮೂರನೆಯದರಲ್ಲಿ ಸತ್ತವರ ಹೆಸರನ್ನು ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ ಹೇಳಿಬಿಡುತ್ತಾರೆ. ನೀವು ಓದುತ್ತಿರುವ ಭಾಗಕ್ಕಿಂತ ಮುಂದಿನ ಭಾಗಗಳ ಅಭಿಪ್ರಾಯಗಳತ್ತ ಸುಳಿಯಲೇಬೇಡಿ. ಕೈ ಬದಲಾಗಿದೆಯೇ ಎಂದು ನೋಡಲು ನಡುವಿನ ಭಾಗಕ್ಕೆ ಹೋಗಿ ಎಂದು ಮೇಲೆ ಹೇಳಿದೆನಲ್ಲ, ಅದಕ್ಕೂ ಈ ಅಪಾಯ ಉಂಟು. ಬರಹದ ಶೈಲಿಯ ಬಗ್ಗೆ ಎರಡು ಸಾಲು ಸಿಕ್ಕ ಕೂಡಲೇ ಹೊರಗೆ ಬನ್ನಿ.

ಹೊಸ ಭಾಗವೊಂದು ಮಾರುಕಟ್ಟೆಗೆ ಬರುವ ಮೊದಲೇ ಅದಕ್ಕೆ ಅಂಕಗಳು ಬಿದ್ದಿದ್ದರೆ ಬೆರಗಾಗಬೇಡಿ. ಪ್ರಕಾಶಕರು ಮುಂಗಡ ಪ್ರತಿಗಳನ್ನು ಉಚಿತವಾಗಿ ಹಂಚುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಹಣ ಕೊಟ್ಟು ಬರೆಸುವುದು ಮಾತ್ರ ಬೇರೆ ಮಾತು. ಸುಳ್ಳು ವಿಮರ್ಶೆಗಳ ಖರೀದಿ, ಮಾರಾಟ ಎರಡನ್ನೂ ನಿಷೇಧಿಸುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಜಾರಿಗೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ. 2012ರಲ್ಲಿ ಬ್ರಿಟನ್ನಿನ ಹೆಸರಾಂತ ಅಪರಾಧ ಕಾದಂಬರಿಕಾರರೊಬ್ಬರು ಬೇರೆ ಹೆಸರುಗಳಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಹೊಗಳಿ, ಸಹ ಲೇಖಕರನ್ನು ತೆಗಳಿದ್ದು ಬಯಲಾಗಿ ಕ್ಷಮೆ ಕೇಳಿದ್ದರು. ನನ್ನ ಸರಣಿಯಲ್ಲಿ ಹಾಗೇನೂ ನಡೆದಿಲ್ಲ ಎಂದೇ ನನ್ನ ನಂಬಿಕೆ. ಅಭಿಮಾನಿಗಳೇ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಟ್ಟಿದ್ದಾರೆ.

ಕಟ್ಟಿನ ಬಗ್ಗೆಯೂ ಒಂದು ಮಾತು. ಅದರಲ್ಲಿ ಒಂದೇ ಕಾದಂಬರಿ ಎರಡು ಹೆಸರಿನಲ್ಲಿ ಎರಡು ಸಲ ಇದೆ: ಒಂದು ಅಮೆರಿಕದ ಮುದ್ರಣದ ಶೀರ್ಷಿಕೆ, ಇನ್ನೊಂದು ಬ್ರಿಟನ್ನಿನದು. ಇಂಥ ಎರಡು ಹೆಸರಿನ ಪುಸ್ತಕಗಳು ಇಂಗ್ಲಿಷಿನಲ್ಲಿ ಎಷ್ಟೋ ಇವೆ. ಒಳಗಿನ ಮೊದಲ ಪುಟವನ್ನೂ ಹಕ್ಕುಸ್ವಾಮ್ಯದ ವರ್ಷವನ್ನೂ ಹೋಲಿಸಿ ನೋಡಿದರೆ ಗೊತ್ತಾಗುತ್ತದೆ. ಮಾರಿದವರಿಗೆ ದೂರು ಬರೆದೆ. ಮೊದಲ ಭಾಗವನ್ನು ತೆರೆದಿರುವುದರಿಂದ ಇಡೀ ಕಟ್ಟು ಬಳಸಿದಂತೆಯೇ ಲೆಕ್ಕ, ಹಣ ಹಿಂದಿರುಗಿಸಲು ಬರುವುದಿಲ್ಲ ಎಂಬ ಉತ್ತರ ಬಂತು. ಕಾಗದದ ಪುಸ್ತಕವಾಗಿದ್ದರೆ ಐದರಿಂದ ಮುಂದಿನವನ್ನು ಯಾರಿಗಾದರೂ ದಾಟಿಸಬಹುದಿತ್ತು. ನಾನು ಕೊಂಡದ್ದು ನನ್ನ ಖಾತೆಯಲ್ಲಿ ಓದುವ ಪರವಾನಗಿಯನ್ನಷ್ಟೇ; ಅದನ್ನು ಮಾರುವಂತಿಲ್ಲ, ಉಡುಗೊರೆ ಕೊಡುವಂತೆಯೂ ಇಲ್ಲ.