ಹಂಪನಕಟ್ಟೆಯ ಭಾನುವಾರದ ಸಮಾಜಶಾಸ್ತ್ರ ಕ್ಲಾಸ್: ಕೊಟ್ಟ ದುಡ್ಡಿಗೆ ಮೋಸ ಇಲ್ಲ

ಕೆ-ಸೆಟ್‌ಗೆ (ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಜ್ಯದ ಅರ್ಹತಾ ಪರೀಕ್ಷೆ) ಓದುವವರಿಗೆ ‘ಸಾಮಾಜಿಕ ಪರಿವರ್ತನೆ’ ಅಂದರೆ ಸಮಾಜ ಹೇಗೆ ಬದಲಾಗುತ್ತದೆ ಎಂದು ಹೇಳಿದ ಚಿಂತಕರ ಒಂದು ಪಟ್ಟಿ. ಕಾಮ್ಟ್‌ನ ಮೂರು ಹಂತ, ಸ್ಪೆನ್ಸರ್‌ನ ವಿಕಾಸ, ಮಾರ್ಕ್ಸ್‌ನ ವರ್ಗ ಸಂಘರ್ಷ, ವೇಬರ್, ಪಾರ್ಸನ್ಸ್. ಬಾಯಿಪಾಠ ಮಾಡಿ, ಬರೆದು ಬಂದರಾಯಿತು. ಮಂಗಳೂರಿನ ಹಂಪನಕಟ್ಟೆಯ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಈ ಕ್ಲಾಸ್‌ನಲ್ಲಿ ನಿಮ್ಮನ್ನು ಅಷ್ಟಕ್ಕೇ ಬಿಡುವುದಿಲ್ಲ. ನಾನು ಸಹಕಾರಿ ಸಂಘದಲ್ಲಿ ಕೆಲಸ ಮಾಡಿಕೊಂಡು ಓದುತ್ತಿರುವವಳು. ಈ ವರ್ಷದ ಬ್ಯಾಚ್ ಈಗಷ್ಟೇ ಮುಗಿಯಿತು. ಸೇರಬಹುದಾ ಎಂದು ಗೆಳತಿಯರು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಪಾಠ ಮಾಡುವವರು ಒಬ್ಬರೇ, ನಿವೃತ್ತ ಉಪನ್ಯಾಸಕಿ. ಮೊದಲ ಗಂಟೆ ಸಿದ್ಧಾಂತ. ಎರಡನೇ ಗಂಟೆ ಅದನ್ನು ನಮ್ಮ ಕರಾವಳಿಗೆ ಹಚ್ಚಿ ನೋಡುವುದು. ಈ ಎರಡನೇ ಗಂಟೆಗಾಗಿಯೇ ಸೇರಬೇಕು.

ವೇಬರ್ ಪಾಠವನ್ನೇ ನೋಡಿ. ಪ್ರೊಟೆಸ್ಟೆಂಟ್ ಧರ್ಮದ ಶಿಸ್ತು, ದುಡಿಮೆಯೇ ದೇವರು ಕೊಟ್ಟ ಕರೆ ಎಂಬ ನಂಬಿಕೆ, ಇವೆಲ್ಲ ಬಂಡವಾಳಶಾಹಿಗೆ ನೆಲ ಹದ ಮಾಡಿದವು ಎಂದು ವೇಬರ್ 1904-05ರಲ್ಲಿ ಬರೆದರು. ನಮಗೆ ತಕ್ಷಣ ನೆನಪಾದದ್ದು ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿಗಳ ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದವರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದವರು. ಮತಾಂತರ ಆದವರಿಗೆ ಕೆಲಸ, ಗಂಟೆ ಹೊಡೆದ ಹಾಗೆ ದಿನಚರಿ. ಸಿದ್ಧಾಂತ ಸರಿಯಾಗಿ ಕೂತಿತು ಅಂದುಕೊಂಡೆವು. ಆಗ ಹಿಂದಿನ ಬೆಂಚಿನ ಹುಡುಗ ಎದ್ದು ಕೇಳಿದ: ‘ಮೇಡಂ, ವೇಬರ್ ಬರೆದ ಮರುವರ್ಷವೇ, 1906ರಲ್ಲಿ, ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಈಗಿನ ಕೆನರಾ ಬ್ಯಾಂಕ್ ಶುರು ಮಾಡಿದ್ರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಶುರು ಮಾಡಿದ್ರು. ಇಬ್ಬರಲ್ಲಿ ಒಬ್ಬರೂ ಪ್ರೊಟೆಸ್ಟೆಂಟ್ ಅಲ್ಲ.’

ಮೇಡಂ ಮುಖ ಅರಳಿತು. ‘ಒಳ್ಳೆ ಪ್ರಶ್ನೆ ಮಾರಾಯ್ರೇ’ ಎಂದು ಬೋರ್ಡಿನ ಅರ್ಧ ಒರೆಸಿ ಮತ್ತೆ ಶುರು ಮಾಡಿದರು. ವೇಬರ್ ಕೇಳಿದ್ದು ಈ ವ್ಯವಸ್ಥೆ ಮೊದಲು ಹುಟ್ಟಿದ್ದು ಹೇಗೆ ಎಂದು. ಅದು ಒಮ್ಮೆ ತನ್ನ ಕಾಲ ಮೇಲೆ ನಿಂತ ಮೇಲೆ ಅದಕ್ಕೆ ಆ ಧರ್ಮದ ಆಸರೆ ಬೇಕಾಗಿಲ್ಲ ಎಂದು ವೇಬರೇ ಹೇಳಿದ್ದಾರೆ. ಹಾಗಾದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಹೊಸ ವ್ಯವಸ್ಥೆ ಬಂದಾಗ ಇಲ್ಲಿನ ಜಾತಿ, ನಂಟಸ್ತಿಕೆ, ವ್ಯಾಪಾರದ ನಂಬಿಕೆ ಹೇಗೆ ಬಂಡವಾಳ ಆಯಿತು? ಇಂಥ ಉತ್ತರ ಯಾವ ಗೈಡ್‌ನಲ್ಲೂ ನನಗೆ ಸಿಕ್ಕಿರಲಿಲ್ಲ.

ಮಾರ್ಕ್ಸ್ ಪಾಠ ಇದಕ್ಕಿಂತಲೂ ಚೆನ್ನಾಗಿತ್ತು. ಮೇಡಂ ಹಳೇ ಏಳನೇ ನಂಬರ್ ಫಾರ್ಮಿನ ಝೆರಾಕ್ಸ್ ತಂದು ಬೆಂಚಿನಿಂದ ಬೆಂಚಿಗೆ ದಾಟಿಸಿದರು. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆ ಗೇಣಿಗೆ ಉಳುತ್ತಿದ್ದ ಒಕ್ಕಲುಗಳು ಆ ಜಾಗ ತಮ್ಮ ಹೆಸರಿಗೆ ಆಗಲಿ ಎಂದು ತುಂಬಿಕೊಟ್ಟದ್ದು ಇದನ್ನೇ. ನಮ್ಮ ಕಡೆ ಜನ ಇವತ್ತಿಗೂ ‘ಡಿಕ್ಲರೇಷನ್ ಕೊಟ್ಟು ಆದ ಜಾಗ’ ಅನ್ನುತ್ತಾರಲ್ವಾ, ಅದೇ. ಸರ್ವೆ ನಂಬರ್, ಎಷ್ಟು ಜಾಗ, ಧಣಿಗಳ ಹೆಸರು, ಗೇಣಿ. ಶಾಯಿ ಹರಡಿದ ಅಕ್ಷರ, ಕೆಳಗೆ ಹೆಬ್ಬೆಟ್ಟು. ಚಾಲಗೇಣಿಯವರನ್ನು ಧಣಿ ಯಾವಾಗ ಬೇಕಾದರೂ ಬಿಡಿಸಬಹುದಿತ್ತು, ಮೂಲಗೇಣಿ ಶಾಶ್ವತ ಎಂದು ವಿವರಿಸಿ, ಆಮೇಲೆ ಪ್ರಶ್ನೆ ಕೇಳಿದರು: ಕಾನೂನು ಬಂದರೂ ಕೆಲವರು ಯಾಕೆ ಅರ್ಜಿ ಹಾಕಲಿಲ್ಲ?

ಬಂಟ್ವಾಳ ಕಡೆಯ ಒಬ್ಬರು ಅಕ್ಕ ಹೇಳಿದರು: ‘ನಮ್ಮಜ್ಜ ಹಾಕಲೇ ಇಲ್ಲ. ಧಣಿಗಳ ಉಪ್ಪು ತಿಂದವರು ನಾವು ಅಂತ.’ ಇಡೀ ಕ್ಲಾಸಿನಲ್ಲಿ ಅವರ ದನಿ ಒಂದೇ ಕೇಳುತ್ತಿತ್ತು. ಒಂದೇ ಸ್ಥಿತಿಯಲ್ಲಿ ಇರುವುದು ಬೇರೆ, ನಾವೆಲ್ಲ ಒಂದು ವರ್ಗ ಎಂದು ತಿಳಿದು ಒಟ್ಟಾಗುವುದು ಬೇರೆ. ಮಾರ್ಕ್ಸ್ ಮಾಡಿದ ಈ ವ್ಯತ್ಯಾಸ ನನಗೆ ನಿಜವಾಗಿ ಅರ್ಥವಾದದ್ದು ಆ ಅಜ್ಜನ ಮಾತಿನಿಂದ.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ಸಂಸ್ಕೃತೀಕರಣಕ್ಕೆ ಇನ್ನಷ್ಟು ಸಮಯ ಕೊಡಬೇಕಿತ್ತು. ಕೊಡಗಿನ ಅಧ್ಯಯನದಿಂದ ಬಂದ ಸಿದ್ಧಾಂತ ಅದು, ನಮಗೆ ಘಟ್ಟದ ಮೇಲಿನ ನೆರೆಮನೆ. ಕೆಳಗಿನ ಜಾತಿ ಮೇಲಿನವರ ಆಚಾರ ಹಿಡಿದು ಮೇಲೇರುತ್ತದೆ, ಆದರೆ ಏಣಿ ಹಾಗೇ ಇರುತ್ತದೆ ಎಂದು ಶ್ರೀನಿವಾಸರೇ ಹೇಳಿದ್ದರು. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಮಂಗಳೂರಿನ ಕುದ್ರೋಳಿ ದೇವಸ್ಥಾನವನ್ನು ಮೇಡಂ ಇದರ ಉದಾಹರಣೆಯಾಗಿ ಕೊಟ್ಟು ಮುಂದೆ ಹೋದರು. ನನಗೆ ಒಪ್ಪಿಗೆಯಿಲ್ಲ. ಬೇರೆ ದೇವಸ್ಥಾನಗಳ ಬಾಗಿಲು ಮುಚ್ಚಿದ್ದಾಗ ಬಿಲ್ಲವರು ತಮ್ಮದೇ ದೇವಸ್ಥಾನ ಕಟ್ಟಿದ್ದನ್ನು ಅನುಕರಣೆ ಎಂದು ಕರೆದರೆ ಅದರೊಳಗಿನ ಪ್ರತಿಭಟನೆ ಕಾಣುವುದೇ ಇಲ್ಲ. ಇದರ ಮೇಲೆ ಒಂದು ಪೂರ್ತಿ ಭಾನುವಾರ ಚರ್ಚೆ ಆಗಬೇಕಿತ್ತು.

ದೊಡ್ಡ ಕೊರತೆ ಇನ್ನೊಂದಿದೆ. ಹೆಂಗಸರು ಪಾಠದಲ್ಲಿ ಇಲ್ಲವೇ ಇಲ್ಲ. ನನ್ನಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಬೀಡಿ ಕಂಪನಿಯ ಬ್ರ್ಯಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು ಮೊರದಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ, ಜೊತೆಗೆ ಪಿಎಫ್. ಕಾರ್ಖಾನೆಗೆ ಹೋಗದೆ, ಮನೆಯಲ್ಲೇ ಕೂತು, ತಮ್ಮ ಹೆಸರಲ್ಲಿ ದುಡ್ಡು ಕಂಡ ಹೆಂಗಸರು ಇವರು. ಮಗಳ ಫೀಸು, ಮನೆಯ ಹೆಂಚು, ಮಾತಾಡುವ ಧೈರ್ಯ ಎಲ್ಲ ಆ ಮೊರದಿಂದ ಬಂತು. ಬೆನ್ನುನೋವು, ಕೆಮ್ಮೂ ಬಂತು. ಕರಾವಳಿಯ ಪರಿವರ್ತನೆ ಹೇಳುವ ಕ್ಲಾಸ್‌ನಲ್ಲಿ ಇದಿಲ್ಲದಿದ್ದರೆ ಹೇಗೆ? ಕೊನೆಯ ವಾರ ಮೇಡಂ ಹತ್ತಿರ ಹೇಳಿದೆ. ಬರೆದುಕೊಂಡರು, ಮುಂದಿನ ಬ್ಯಾಚಿಗೆ ಸೇರಿಸುತ್ತೇನೆ ಎಂದರು.

ಉಳಿದದ್ದು ಬೇಗ ಹೇಳುತ್ತೇನೆ. ಪಾರ್ಸನ್ಸ್ ಪಾಠ ಸುಮ್ನೆ ನೋಟ್ಸ್ ಬರೆಸಿದ್ದು, ಅಷ್ಟೇ. ವಸ್ತು ಬೇಗ ಬದಲಾಗುತ್ತದೆ, ರೀತಿನೀತಿ ಹಿಂದೆ ಉಳಿಯುತ್ತದೆ ಎಂಬ ಆಗ್‌ಬರ್ನ್‌ನ ಮಾತಿಗೆ ಮೊಬೈಲ್ ಒಂದೇ ಉದಾಹರಣೆ. ಕನ್ನಡ ನೋಟ್ಸ್ ಚೆನ್ನಾಗಿದೆ, ಆದರೆ ಝೆರಾಕ್ಸ್ ಮಸುಕು. ಕಿಟಕಿ ತೆಗೆದರೆ ಬಸ್ಸಿನ ಹಾರನ್, ಮುಚ್ಚಿದರೆ ಸೆಕೆ. ರಸ್ತೆಯ ಕಡೆ ಬಿಟ್ಟು ಬೋರ್ಡಿನ ಹತ್ತಿರ ಕೂರಿ.

ಫೀಸು ತಿಂಗಳಿಗೆ 1,200 ರೂಪಾಯಿ, ಎರಡು ಕಂತಲ್ಲಿ ಕೊಡಬಹುದು. ಪರೀಕ್ಷೆಗೆ ತಿಂಗಳಷ್ಟೇ ಉಳಿದಿರುವವರಿಗೆ ಇದು ಆಗುವುದಿಲ್ಲ, ಬರೀ ಹಳೇ ಪ್ರಶ್ನೆಪತ್ರಿಕೆ ಬಿಡಿಸುವ ಜಾಗ ಬೇರೆ ನೋಡಿಕೊಳ್ಳಿ. ಸಮಯ ಇರುವವರು, ಎಂ.ಎ. ಮೊದಲ ವರ್ಷದವರು ಖಂಡಿತ ಸೇರಿ. ಸೇರುವ ಮೊದಲು ಮನೆಯ ಹಿರಿಯರ ಹತ್ತಿರ ಗೇಣಿ, ಡಿಕ್ಲರೇಷನ್, ಬೀಡಿಯ ವಿಷಯ ಕೇಳಿಕೊಂಡು ಹೋಗಿ. ಎರಡನೇ ಗಂಟೆಯಲ್ಲಿ ಮೇಡಂ ಕೇಳಿಯೇ ಕೇಳುತ್ತಾರೆ.